ಬಿದಿರು ಮೆಳೆಯಲ್ಲಿ ಒಂದು ಗ್ರೀಕ್ ಹೊಳೆ

ಅಕ್ಕನ ಮನೆಯ ಹಿತ್ತಿಲು ದಾಟಿದರೆ ಬಿದಿರು ಮೆಳೆ. ಮಳೆ ಇನ್ನೂ ಹಿಡಿದಿರಲಿಲ್ಲ. ಹಲಸಿನ ಮರದ ಬುಡದಲ್ಲಿ ಬಿದ್ದು ಒಡೆದ ಹಣ್ಣಿನ ಹುಳಿ ವಾಸನೆ ಅಂಗಳದವರೆಗೂ ಬರುತ್ತಿತ್ತು. ಸಂಜೆ ಕಾಫಿ ಮುಗಿಸುವಷ್ಟರಲ್ಲಿ ಅಕ್ಕನ ಮಗಳು ಬಂದು, "ಮಾವ, ಏಳಿ, ಬೆಳಕು ಹೋಗೋ ಮುಂಚೆ ಒಂದು ತೋರಿಸ್ತೀನಿ" ಎಂದು ಎಬ್ಬಿಸಿಕೊಂಡು ಹೋದಳು. ಅವಳು ಜೀವಶಾಸ್ತ್ರ ಓದುವವಳು. ಅವಳ ಜೊತೆ ಹಿತ್ತಿಲಿಗೆ ಹೋಗುವುದೆಂದರೆ ಹತ್ತು ಹೆಜ್ಜೆಗೆ ಅರ್ಧ ಗಂಟೆ.

"ಅಲ್ಲಿ ನೋಡಿ."

ನೋಡಿದೆ. ಕೊಳೆತ ತೊಳೆ, ನೊಣ, ಒಣಗಿದ ಬಿದಿರೆಲೆ. ಬೇರೇನೂ ಕಾಣಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟಳು ನೋಡಿ, ತರಗೆಲೆಯೊಂದಕ್ಕೆ ಜೀವ ಬಂದು ಹಾರಿತು. ಕಂದು ಬಣ್ಣದ ಪಾತರಗಿತ್ತಿ, ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲು. ಮೆಳೆಯೊಳಗೆ ಎರಡು ಸುತ್ತು ಹೊಡೆದು, ಎಲ್ಲೋ ಕೂತು, ರೆಕ್ಕೆ ಮಡಚಿ ಮತ್ತೆ ಎಲೆಯಾಯಿತು. ಇದು ಹೂವಿನ ಹತ್ತಿರ ಸುಳಿಯುವ ಜಾತಿಯಲ್ಲವಂತೆ. ಕೊಳೆತ ಹಣ್ಣು, ಮರದ ಸೋನೆ ಇದರ ಊಟ. ನೆರಳು ಇದರ ಮನೆ. ಮುಸ್ಸಂಜೆ ಇದರ ಹೊತ್ತು. ಮರಿಹುಳ ಬೆಳೆಯುವುದು ಬಿದಿರೆಲೆ ತಿಂದು.

"ಹೆಸರೇನು?"

"ಇಂಗ್ಲಿಷಿನಲ್ಲಿ ಬ್ಯಾಂಬೂ ಟ್ರೀಬ್ರೌನ್. ವೈಜ್ಞಾನಿಕ ಹೆಸರು ಲೆತೆ ಯೂರೋಪಾ. ಲೆತೆನೋ ಲೀತೋ, ನಮ್ಮ ಕಾಲೇಜಲ್ಲಿ ಒಬ್ಬೊಬ್ಬರು ಒಂದೊಂದು ಥರ ಅಂತಾರೆ."

ಈ ಪಾತರಗಿತ್ತಿ ಯೂರೋಪಿನಲ್ಲಿ ಇಲ್ಲವೇ ಇಲ್ಲ. ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಇದರ ಸೀಮೆ. 1775ರಲ್ಲಿ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ಯೂರೋಪಾ ಎಂಬ ಹೆಸರಿಟ್ಟ; ಗ್ರೀಕ್ ಪುರಾಣದಲ್ಲಿ ಗೂಳಿಯ ವೇಷದ ದೇವರಾಜ ಸ್ಯೂಸ್ ಹೊತ್ತೊಯ್ದ ರಾಜಕುಮಾರಿ ಅವಳು. ಅವಳೂ ಏಷ್ಯಾದ ಕರಾವಳಿಯವಳೇ ಆದ್ದರಿಂದ ಲೆಕ್ಕ ಸರಿಹೋಯಿತು ಅನ್ನೋಣ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಪದ. 1819ರಲ್ಲಿ ಹ್ಯೂಬ್ನರ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞ ಈ ಕುಲಕ್ಕೆ ಇಟ್ಟ ಲೆತೆ ಎಂಬ ಹೆಸರು ಗ್ರೀಕ್ ಪುರಾಣದ ಸತ್ತವರ ಲೋಕದ್ದು. ಆ ಲೋಕದಲ್ಲಿ ಮರೆವಿನ ನೀರು ಹರಿಯುವ ಜಾಗ ಅದು. ಇನ್ನೊಂದು ಸ್ವಾರಸ್ಯ: ಗ್ರೀಕರಲ್ಲಿ ಆತ್ಮಕ್ಕೂ ಪಾತರಗಿತ್ತಿಗೂ ಒಂದೇ ಮಾತು, ಪ್ಸುಖೇ. ಮರೆವಿನ ನೀರು ಕುಡಿಯಲು ಸಾಲುಗಟ್ಟಿ ಬರುವ ಪ್ಸುಖೇಗಳ ಕಥೆಯನ್ನು ಓದಿದವರಿಗೆ, ಹಲಸಿನ ರಸಕ್ಕೆ ಮೂತಿಯಿಟ್ಟು ಕೂತ ಈ ಹುಳುವನ್ನು ಕಂಡರೆ ಮೈ ಸ್ವಲ್ಪ ಜುಮ್ಮೆನ್ನದೆ ಇರುವುದಿಲ್ಲ.

ಮೊದಲು ಉಚ್ಚಾರಣೆಯ ವಿಷಯ ಮುಗಿಸಿಬಿಡುತ್ತೇನೆ. ಇಂಗ್ಲಿಷರು ಲೀಥಿ ಎನ್ನುತ್ತಾರೆ. ಇವತ್ತಿನ ಗ್ರೀಕರೂ ಹೆಚ್ಚುಕಡಿಮೆ ಹಾಗೇ ಅನ್ನುತ್ತಾರೆ. ಹಳೆಯ ಅಥೆನ್ಸಿನಲ್ಲಿ ಮಾತ್ರ ಅದು ಲೇಥೇ, ಎರಡೂ ಸ್ವರ ದೀರ್ಘ. ನಡುವಿನ ಅಕ್ಷರ ಇಂಗ್ಲಿಷಿನವರು ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟು ಹೇಳುವ ದನಿಯಲ್ಲ. ತಕಾರಕ್ಕೆ ಉಸಿರು ಸೇರಿಸಿದ ಮಹಾಪ್ರಾಣ. ಅಂದರೆ ನಮ್ಮ ಥ. ಬಾಲವಾಡಿಯಲ್ಲಿ ತ ಥ ದ ಧ ಎಂದು ಕೂಗಿದ ಯಾವ ಮಗುವಿಗೂ ಪ್ಲೇಟೋ ಅಂದಹಾಗೇ ಅನ್ನಲು ಬರುತ್ತದೆ. ಕನ್ನಡದವರು ಇಂಗ್ಲಿಷಿನ ದಾರಿ ಹಿಡಿದು 'ಲೀಥಿ' ಅನ್ನುವುದು, ಮನೆ ಎದುರಿನ ಬಾವಿ ಬಿಟ್ಟು ಪಕ್ಕದೂರಿನ ನಲ್ಲಿಗೆ ಕೊಡ ಹಿಡಿದ ಹಾಗೆ. ನಾನಂತೂ ಲೇಥೇ ಎಂದೇ ಬರೆಯುತ್ತೇನೆ.

ಅರ್ಥದ ವಿಷಯ ಇಷ್ಟು ಬೇಗ ಮುಗಿಯುವುದಿಲ್ಲ. ನಿಘಂಟು ತೆಗೆದರೆ 'ಮರೆವು' ಎಂದಿರುತ್ತದೆ, ಮುಗಿಯಿತು. ಆದರೆ ಬೇರಿಗೆ ಇಳಿದರೆ ಲಂಥಾನೋ ಎಂಬ ಕ್ರಿಯಾಪದ ಸಿಗುತ್ತದೆ. ಅದರ ಅರ್ಥ ಮರೆಯುವುದಲ್ಲ, ಕಣ್ಣಿಗೆ ಬೀಳದೆ ಇರುವುದು. ಗ್ರೀಕರು 'ಎಲಥೆನ್ ಐಸೆಲ್ಥೋನ್' ಅಂದರೆ 'ಯಾರಿಗೂ ಕಾಣದ ಹಾಗೆ ಒಳಗೆ ಬಂದ' ಎಂದರ್ಥ. ಅದೇ ಕ್ರಿಯಾಪದದ ರೂಪ ಸ್ವಲ್ಪ ಬದಲಾಗಿ ಲಂಥಾನೊಮೈ ಆದಾಗ 'ಮರೆಯುತ್ತೇನೆ' ಎಂದಾಗುತ್ತದೆ. ಅವರ ಪ್ರಕಾರ ಮರೆತದ್ದು ಅಳಿಸಿಹೋದದ್ದಲ್ಲ. ಅದು ಇದೆ; ನನಗೆ ಕಾಣದಂತೆ ಎಲ್ಲೋ ನಿಂತಿದೆ, ಅಷ್ಟೆ.

ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಕನ್ನಡದವರಿಗೆ ಒಂದೇ ಪದ ಸಾಕು: ಮರೆ. 'ಮರೆತೆ' ಎನ್ನುವಾಗ ಇರುವ ಮರೆಯೂ, 'ಗಿಡದ ಮರೆಯಲ್ಲಿ ನಿಂತ' ಎನ್ನುವಾಗಿನ ಮರೆಯೂ ಕಿವಿಗೆ ಒಂದೇ. ಇದು ಹೊಸಗನ್ನಡದಲ್ಲಿ ಎರಡು ಬೇರೆ ಮಾತುಗಳು ಸವೆದು ಒಂದಾದ ಕಥೆಯೇನೂ ಅಲ್ಲ. ಹಳಗನ್ನಡದಲ್ಲೂ ಎರಡನ್ನೂ ಶಕಟರೇಫದಿಂದಲೇ, ಮಱೆ ಎಂದೇ ಬರೆಯುತ್ತಿದ್ದರು. ಎಲೆಮರೆಯ ಕಾಯಿ ಇಲ್ಲವಾದ ಕಾಯಲ್ಲ. ಕಣ್ಮರೆಯಾದ ಬಸ್ಸು ತಿರುವಿನಾಚೆ ಓಡುತ್ತಲೇ ಇರುತ್ತದೆ. ದೊಡ್ಡವರು ತೀರಿಕೊಂಡರೆ ಪತ್ರಿಕೆಯವರು 'ಮರೆಯಾದರು' ಎಂದು ಬರೆಯುತ್ತಾರೆ. ಹಳೆಯ ಕಾವ್ಯಗಳಲ್ಲಿ ಸೋತವನು ಗೆದ್ದವನ 'ಮರೆಹೊಗು'ತ್ತಾನೆ, ಅಂದರೆ ಆಶ್ರಯ ಬೇಡುತ್ತಾನೆ. ಮರೆವು, ತೆರೆ, ಸಾವು, ಆಸರೆ ಎಲ್ಲವೂ ಒಂದೇ ಪದದ ಹೊಟ್ಟೆಯಲ್ಲಿ. ಲೇಥೇಯನ್ನು ಅರ್ಥ ಮಾಡಿಕೊಳ್ಳಲು ನಮಗೆ ಗ್ರೀಕ್ ಪಾಠ ಬೇಕಾದದ್ದಕ್ಕಿಂತ ನಮ್ಮ ಮಾತನ್ನು ನಾವೇ ಒಂದು ಸಲ ನಿಂತು ಕೇಳಿಸಿಕೊಳ್ಳಬೇಕಿತ್ತು ಅನ್ನಿಸುತ್ತದೆ.

ಲೇಥೇಯ ಎದುರಿಗೆ ಗ್ರೀಕರು ನಿಲ್ಲಿಸಿದ ಪದ ಅಲೇಥೇಯಾ. ಪದದ ಮೊದಲಲ್ಲಿರುವ ಅಕಾರ ನಮ್ಮ ಅಸತ್ಯ, ಅನ್ಯಾಯಗಳಲ್ಲಿ ಇರುವಂಥದ್ದೇ, ಇಲ್ಲ ಎನ್ನುವ ಅಕಾರ. ಮರೆಯಿಲ್ಲದ್ದು ಅಲೇಥೇಯಾ. ಅವರಿಗೆ 'ಸತ್ಯ' ಎಂಬುದಕ್ಕೆ ಇದೇ ಮಾತು. ಕಳೆದ ಶತಮಾನದಲ್ಲಿ ಜರ್ಮನ್ ತತ್ವಜ್ಞಾನಿ ಹೈಡೆಗ್ಗರ್ ಈ ಅಕಾರದ ಮೇಲೆಯೇ ಒಂದು ದರ್ಶನದ ಮನೆ ಕಟ್ಟಿದ. ಪ್ಲೇಟೋ ಮಾತ್ರ ತನ್ನ ಒಂದು ಸಂವಾದದಲ್ಲಿ ಸಾಕ್ರಟಿಸನ ಬಾಯಲ್ಲಿ ಬೇರೆಯೇ ವ್ಯುತ್ಪತ್ತಿ ಹೇಳಿಸುತ್ತಾನೆ: ಅಲೇ ಅಂದರೆ ಅಲೆದಾಟ, ಥೇಯಾ ಅಂದರೆ ದೈವಿಕ, ಆದ್ದರಿಂದ ಸತ್ಯವೆಂದರೆ ದೈವಿಕ ಅಲೆದಾಟ! ತಮಾಷೆಗೋ ನಿಜಕ್ಕೋ ಎಂದು ಇವತ್ತಿಗೂ ಜಗಳವಿದೆ. ನನಗೆ ತಮಾಷೆಯೇ ಅನ್ನಿಸುತ್ತದೆ. ಊರ ಹೆಸರಿಗೆಲ್ಲ ಸಂಸ್ಕೃತದ ಮೂಲ ಹುಡುಕಿ ಸ್ಥಳಪುರಾಣ ಹೊಸೆಯುವ ನಮ್ಮ ಹಿರಿಯರ ನಗು ಅದರಲ್ಲಿ ಕೇಳಿಸುತ್ತದೆ. ಇವತ್ತು ಅಥೆನ್ಸಿನ ಕಾಫಿ ಅಂಗಡಿಯಲ್ಲಿ ಯಾರಾದರೂ ಸುದ್ದಿ ಹೇಳಿದರೆ ಕೇಳಿದವರು 'ಅಲೀಥಿಯಾ?' ಅನ್ನುತ್ತಾರೆ. ನಾವು 'ಹೌದಾ?' ಅನ್ನುವ ಹಾಗೆ. ಮರೆವಿನ ಹೊಳೆಯ ಹೆಸರು ದಿನಕ್ಕೆ ನೂರು ಸಲ ಅವರ ಬಾಯಲ್ಲಿ ಬಂದು ಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ಹೆಸರಿಗೆ ತಕ್ಕ ಹಾಗೆ.

ಲೇಥೇ ಮೊದಲಿಗೆ ಹೊಳೆಯಾಗಿರಲೇ ಇಲ್ಲ. ಹೆಸಿಯಡ್ ಕವಿ ದೇವತೆಗಳ ವಂಶಾವಳಿ ಹಾಡುವಾಗ ಲೇಥೇ ಒಬ್ಬಳು ಹೆಣ್ಣು, ಕಲಹದೇವಿ ಎರಿಸ್‌ಳ ಮಗಳು. ಒಡಹುಟ್ಟಿದವರು ದುಡಿತ, ಹಸಿವು, ನೋವು. ಒಳ್ಳೆಯ ಸಂಸಾರ! ಹೋಮರನ ಒಡಿಸ್ಸಿಯಲ್ಲಿ ಪಾತಾಳದ ಹೊಳೆಗಳ ಪಟ್ಟಿ ಬರುತ್ತದೆ: ಅಖೆರಾನ್, ಪಿರಿಫ್ಲೆಗೆಥಾನ್, ಕೊಕಿಟಸ್, ಸ್ಟಿಕ್ಸ್. ಅದರಲ್ಲಿ ಲೇಥೇ ಇಲ್ಲ. ಇವತ್ತು ಐದು ಹೊಳೆಗಳೆಂದು ಮಕ್ಕಳ ಪುಸ್ತಕದಲ್ಲೂ ಅಚ್ಚಾಗುವುದು ಎಷ್ಟೋ ಕಾಲದ ನಂತರ ಸೇರಿಸಿದ ಲೆಕ್ಕ.

ಲೇಥೇ ಒಂದು ಜಾಗವಾಗಿ ನನಗೆ ತುಂಬಾ ಇಷ್ಟವಾದ ರೀತಿಯಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಪೂ. 405ರ ಒಂದು ಹಾಸ್ಯ ನಾಟಕದಲ್ಲಿ, ಅರಿಸ್ಟೋಫೇನಿಸನ 'ಕಪ್ಪೆಗಳು'. ಸತ್ತವರನ್ನು ದಾಟಿಸುವ ಅಂಬಿಗ ಖಾರೋನ್ ದೋಣಿ ದಡಕ್ಕೆ ತಂದು ಗಿರಾಕಿ ಕೂಗುತ್ತಾನೆ: ಕಷ್ಟ ಕೋಟಲೆಯಿಂದ ವಿಶ್ರಾಂತಿಗೆ ಯಾರು? ಲೇಥೇ ಬಯಲಿಗೆ ಯಾರು? ಕತ್ತೆ ಉಣ್ಣೆಗೆ? ಕೆರ್ಬೆರಿಯರ ಕಡೆಗೆ? ಕಾಗೆಗಳ ಹತ್ತಿರಕ್ಕೆ? ಟೈನರಾನಿಗೆ? ಓದುವಾಗ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ಕಣ್ಣಮುಂದೆ ಬರದಿದ್ದರೆ ಕೇಳಿ. ಈ ನಿಲ್ದಾಣಗಳಲ್ಲಿ ಟೈನರಾನ್ ಮಾತ್ರ ನಿಜವಾದ ಊರು, ಗ್ರೀಸಿನ ಮುಖ್ಯಭೂಮಿಯ ದಕ್ಷಿಣ ತುದಿಯ ಭೂಶಿರ. ಅಲ್ಲಿನ ಗವಿಯಿಂದ ಪಾತಾಳಕ್ಕೆ ದಾರಿ ಇದೆಯೆಂದು ನಂಬಿಕೆ. ಕತ್ತೆಗೆ ಉಣ್ಣೆ ಇಲ್ಲದ್ದರಿಂದ ಆ ಊರೂ ಇಲ್ಲ. 'ಕಾಗೆಗಳ ಹತ್ತಿರ ಹೋಗು' ಎಂಬುದು ಅಥೆನ್ಸಿನ ಬೈಗುಳ, ನಮ್ಮ 'ಹಾಳಾಗಿ ಹೋಗು' ಇದ್ದ ಹಾಗೆ. ಈ ಗಲಾಟೆಯ ನಡುವೆ ಲೇಥೇಯ ಬಯಲು ಒಂದು ಸ್ಟಾಪು. ಗಮನಿಸಿ, ಬಯಲು. ನೀರಿನ ಸುಳಿವಿಲ್ಲ. ನೋಡುಗರು ನಕ್ಕಿರಬೇಕಾದರೆ ಆ ಹೆಸರು ಆಗಲೇ ಅವರ ಬಾಯಲ್ಲಿ ಇದ್ದಿರಬೇಕು.

ಅಲ್ಲಿಂದ ಕೆಲವೇ ದಶಕಗಳಲ್ಲಿ ಪ್ಲೇಟೋ 'ರಿಪಬ್ಲಿಕ್' ಮುಗಿಸುವಾಗ ಅದೇ ಬಯಲಿಗೆ ನಮ್ಮನ್ನು ಕರೆದೊಯ್ಯುತ್ತಾನೆ. ಏರ್ ಎಂಬ ಸೈನಿಕ ಯುದ್ಧದಲ್ಲಿ ಸತ್ತು, ಹನ್ನೆರಡನೆಯ ದಿನ ಚಿತೆಯ ಮೇಲೆ ಎದ್ದು ಕೂತು, ತಾನು ಕಂಡದ್ದನ್ನು ಹೇಳುತ್ತಾನೆ. ಆತ್ಮಗಳು ಮುಂದಿನ ಜನ್ಮವನ್ನು ಆರಿಸಿಕೊಳ್ಳುತ್ತವೆ. ಅಗಮೆಮ್ನಾನ್ ಹದ್ದಿನ ಬಾಳು ಆರಿಸಿದ, ಆರ್ಫಿಯಸ್ ಹಂಸದ್ದು. ಕೊನೆಯ ಚೀಟಿ ಬಂದದ್ದು ಒಡಿಸ್ಸಿಯಸ್‌ನಿಗೆ. ಅಲೆದು ಸಾಕಾದ ಅವನು ತನ್ನ ಪಾಡಿಗೆ ತಾನಿರುವ ಸಾಮಾನ್ಯನೊಬ್ಬನ ಬಾಳಿಗಾಗಿ ತುಂಬಾ ಹೊತ್ತು ಹುಡುಕಿದ. ಅದು ಯಾರಿಗೂ ಬೇಡವಾಗಿ ಒಂದು ಮೂಲೆಯಲ್ಲಿ ಬಿದ್ದಿತ್ತು. ಮೊದಲ ಚೀಟಿ ಬಂದಿದ್ದರೂ ಇದನ್ನೇ ಆರಿಸುತ್ತಿದ್ದೆ ಅಂದನಂತೆ.

ಆಮೇಲೆ ಎಲ್ಲರೂ ಲೇಥೇಯ ಬಯಲಿಗೆ ನಡೆಯುತ್ತಾರೆ. ಮರ ಇಲ್ಲ, ಗಿಡ ಇಲ್ಲ, ಉಸಿರು ಕಟ್ಟುವ ಸೆಕೆ. ಸಂಜೆ ಒಂದು ಹೊಳೆಯ ದಂಡೆಯಲ್ಲಿ ಬಿಡಾರ. ಆ ಹೊಳೆಯ ಹೆಸರು ಲೇಥೇ ಅಲ್ಲ, ಅಮೆಲೇಸ್. ಕಾಳಜಿ ಇಲ್ಲದ್ದು ಎಂದರ್ಥ. ಅದರ ನೀರು ಯಾವ ಪಾತ್ರೆಯಲ್ಲೂ ನಿಲ್ಲುವುದಿಲ್ಲ. ಎಲ್ಲರೂ ಒಂದು ಅಳತೆ ಕುಡಿಯಲೇಬೇಕು. ಬುದ್ಧಿ ಕಡಿಮೆ ಇದ್ದವರು ಬಾಯಾರಿಕೆಗೆ ಸೋತು ಅಳತೆ ಮೀರಿ ಕುಡಿಯುತ್ತಾರೆ. ಕುಡಿದವರಿಗೆಲ್ಲ ಎಲ್ಲವೂ ಮರೆತುಹೋಗುತ್ತದೆ. ನಡುರಾತ್ರಿ ಗುಡುಗು, ನೆಲ ನಡುಗುತ್ತದೆ, ಆತ್ಮಗಳು ಉಲ್ಕೆಗಳಂತೆ ಹುಟ್ಟಿನ ಕಡೆಗೆ ಚಿಮ್ಮುತ್ತವೆ. ಏರ್‌ಗೆ ಮಾತ್ರ ಕುಡಿಯಲು ಬಿಡಲಿಲ್ಲ. ಕುಡಿದಿದ್ದರೆ ಕಥೆ ಹೇಳಲು ಯಾರೂ ಇರುತ್ತಿರಲಿಲ್ಲವಲ್ಲ.

ಕಾಳಜಿ ಇಲ್ಲದ್ದು ಎಂಬ ಹೊಳೆಯ ನೀರು ಕುಡಿದು ಮರೆವಿನ ಬಯಲಲ್ಲಿ ಮಲಗುವುದು. ಪ್ಲೇಟೋ ಇಟ್ಟ ಈ ಕ್ರಮ ನನಗೆ ತುಂಬಾ ಸೂಕ್ಷ್ಮ ಅನ್ನಿಸುತ್ತದೆ. ಲಕ್ಷ್ಯ ತಪ್ಪುವುದು ಮೊದಲು, ಮರೆಯುವುದು ಆಮೇಲೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಾರಿಯಿಂದ ವಾಪಸು ಓಡಿಬರುವಾಗಲೆಲ್ಲ ನಾನು ಅಮೆಲೇಸ್ ದಂಡೆಯವನು. ಪುಸ್ತಕದ ಕೊನೆಯ ಮಾತುಗಳಲ್ಲಿ ಪ್ಲೇಟೋ ತಾನೇ ಇವೆರಡನ್ನೂ ಸೇರಿಸಿ 'ಲೇಥೇಯ ಹೊಳೆ' ಎಂದುಬಿಡುತ್ತಾನೆ. ಬಯಲು ಹೊಳೆಯೊಳಗೆ ಮುಳುಗಿತು. ರೋಮಿನ ವರ್ಜಿಲ್ ತನ್ನ ಮಹಾಕಾವ್ಯದಲ್ಲಿ ಅದರ ದಂಡೆಗೆ ಬೇಸಗೆಯ ಹೂವಿಗೆ ಮುತ್ತುವ ಜೇನಿನಂತೆ ಆತ್ಮಗಳನ್ನು ತಂದು ಬಿಟ್ಟ ಮೇಲಂತೂ ಅದು ಶಾಶ್ವತವಾಗಿ ಹೊಳೆಯೇ ಆಯಿತು. ಇಟಲಿಯ ಕವಿ ಡಾಂಟೆ ಅದನ್ನು ನರಕದಿಂದ ಎತ್ತಿ ಶುದ್ಧೀಕರಣದ ಬೆಟ್ಟದ ತುದಿಗೆ ಒಯ್ದು, ಪಾಪದ ನೆನಪನ್ನಷ್ಟೇ ತೊಳೆಯುವ ನೀರು ಮಾಡಿದ. ಪಕ್ಕದಲ್ಲಿ ಒಳ್ಳೆಯದರ ನೆನಪು ಮರಳಿಸುವ ಯೂನೊಯೆ ಎಂಬ ಇನ್ನೊಂದು ಹೊಳೆಯನ್ನು ತಾನೇ ಹುಟ್ಟಿಸಿದ. ಡಾಂಟೆಯ ಏರ್ಪಾಡು ನನಗೆ ಸ್ವಲ್ಪ ಅತಿ ಅಚ್ಚುಕಟ್ಟು ಅನ್ನಿಸುತ್ತದೆ. ಮರೆವಿಗೆ ಜರಡಿ ಹಿಡಿಯಲು ಬಂದಿದ್ದರೆ ಇನ್ನೇನು ಬೇಕಿತ್ತು.

ಕವಿಗಳನ್ನು ಬಿಟ್ಟು, ನಿಜಕ್ಕೂ ಸತ್ತವರ ಜೊತೆ ಹೋದ ಬರಹಗಳಿಗೆ ಬರುತ್ತೇನೆ. ದಕ್ಷಿಣ ಇಟಲಿಯಲ್ಲಿ, ಅಂದಿನ ಹಿಪ್ಪೋನಿಯಾನ್, ಇಂದಿನ ವಿಬೋ ವಲೆಂಟಿಯಾದಲ್ಲಿ, 1969ರಲ್ಲಿ ಒಬ್ಬ ಹೆಂಗಸಿನ ಸಮಾಧಿ ಅಗೆದಾಗ ಮಡಚಿದ ಚಿನ್ನದ ತಗಡು ಸಿಕ್ಕಿತು. ಸುಮಾರು ಕ್ರಿ.ಪೂ. 400ರದ್ದು. ಅದರ ಮೇಲೆ ಚಿಕ್ಕ ಅಕ್ಷರದಲ್ಲಿ ಕೊರೆದಿರುವುದು ಪ್ರಾರ್ಥನೆಗಿಂತ ಹೆಚ್ಚಾಗಿ ದಾರಿ ಹೇಳುವ ಚೀಟಿ. ಸತ್ತವರ ಲೋಕದ ಒಡೆಯ ಹೇಡಿಸನ ಮನೆಗೆ ಹೋದಾಗ ಒಂದು ಬುಗ್ಗೆ ಕಾಣುತ್ತದೆ, ಪಕ್ಕದಲ್ಲಿ ಬಿಳಿ ಸೈಪ್ರೆಸ್ ಮರ. ಅದರ ಹತ್ತಿರವೂ ಸುಳಿಯಬೇಡ. ಮುಂದೆ ಹೋಗು, ಮ್ನೆಮೋಸುನೇಯ, ಅಂದರೆ ನೆನಪಿನ, ಕೊಳದಿಂದ ತಣ್ಣೀರು ಹರಿಯುತ್ತಿರುತ್ತದೆ. ಕಾವಲಿನವರು ಕೇಳಿದರೆ ಹೀಗೆ ಹೇಳು: ನಾನು ಭೂಮಿಯ, ನಕ್ಷತ್ರ ತುಂಬಿದ ಆಕಾಶದ ಕೂಸು, ಬಾಯಾರಿ ಒಣಗಿದ್ದೇನೆ, ನೀರು ಕೊಡಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇಂಥದೇ ಇನ್ನೊಂದು ತಗಡು ಇದೆ, ಪೆಟೇಲಿಯಾದ್ದು. ನಂತರದ ಕಾಲದಲ್ಲಿ ಯಾರೋ ಅದನ್ನು ಸುತ್ತಿ ಚಿನ್ನದ ತಾಯಿತದೊಳಗೆ ಹಾಕಿ ಸರಕ್ಕೆ ಕಟ್ಟಿಕೊಂಡಿದ್ದರು. ಯಂತ್ರ ಬರೆಸಿ ತಾಯಿತಕ್ಕೆ ತುಂಬುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಕುಡಿಯಬಾರದ ಆ ಮೊದಲ ಬುಗ್ಗೆಗೆ ಈ ತಗಡುಗಳಲ್ಲಿ ಹೆಸರೇ ಇಲ್ಲ. ಓದುವವರೆಲ್ಲ ಲೇಥೇ ಎಂದು ತುಂಬಿಸಿಕೊಳ್ಳುತ್ತಾರೆ, ಬರೆದವರು ಬರೆದಿಲ್ಲ. ಮರೆವಿನ ಹೆಸರನ್ನು ಸತ್ತವಳ ಬಾಯಿಗೆ ಕೊಡುವುದು ಬೇಡ ಅನ್ನಿಸಿತೋ ಏನೋ. ರಾತ್ರಿ ಹೊತ್ತು ಹಾವನ್ನು 'ಹುಳ' ಅನ್ನುವ ಹಿರಿಯರ ನಡುವೆ ಬೆಳೆದ ನನಗೆ ಹಾಗೆ ತೋರುತ್ತದೆ. ಇನ್ನೊಂದು ಪೇಚು ಬೇರೆ. ಹಿಪ್ಪೋನಿಯಾನಿನ ತಗಡು ಆ ಬುಗ್ಗೆ ಬಲಕ್ಕಿದೆ ಎನ್ನುತ್ತದೆ. ಪೆಟೇಲಿಯಾದ್ದು ಎಡಕ್ಕಿದೆ ಎನ್ನುತ್ತದೆ. ಸತ್ತ ಮೇಲೂ ದಾರಿ ಕೇಳಿದರೆ ಇಬ್ಬರು ಎರಡು ಕಡೆ ಕೈ ತೋರಿಸುವುದು ತಪ್ಪಲಿಲ್ಲ ನೋಡಿ.

ಬದುಕಿದ್ದವರೂ ಆ ನೀರು ಕುಡಿದದ್ದುಂಟು. ಮಧ್ಯ ಗ್ರೀಸಿನ ಲೆಬಡೇಯಾದಲ್ಲಿ, ಈಗಿನ ಲಿವದಿಯಾದಲ್ಲಿ, ಟ್ರೊಫೋನಿಯಸ್ ಎಂಬ ನೆಲದೊಳಗಿನ ದೈವ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು. ಎರಡನೆಯ ಶತಮಾನದ ಯಾತ್ರಿಕ ಪೌಸೇನಿಯಸ್ ತಾನೇ ಇಳಿದು ಬಂದು ವಿವರವಾಗಿ ಬರೆದಿದ್ದಾನೆ. ಪ್ರಶ್ನೆ ಕೇಳುವವನು ಮೊದಲು ಕೆಲವು ದಿನ ವ್ರತದಲ್ಲಿರಬೇಕು. ಬಿಸಿನೀರು ಇಲ್ಲ, ಹೆರ್ಕಿನಾ ಹೊಳೆಯಲ್ಲೇ ಸ್ನಾನ. ಇಳಿಯುವ ರಾತ್ರಿ ಹದಿಮೂರು ವರ್ಷದ ಇಬ್ಬರು ಹುಡುಗರು ಎಣ್ಣೆ ಹಚ್ಚಿ ಮೀಯಿಸುತ್ತಾರೆ. ಆಮೇಲೆ ಪೂಜಾರಿಗಳು ಅಕ್ಕಪಕ್ಕದ ಎರಡು ಬುಗ್ಗೆಗಳಿಗೆ ಕರೆದೊಯ್ಯುತ್ತಾರೆ. ಮೊದಲು ಲೇಥೇಯ ನೀರು, ತಲೆಯಲ್ಲಿದ್ದದ್ದೆಲ್ಲ ಖಾಲಿಯಾಗಲಿ ಎಂದು. ಅದರ ಹಿಂದೆಯೇ ಮ್ನೆಮೋಸುನೇಯ ನೀರು, ಒಳಗೆ ಕಂಡದ್ದು ನೆನಪಿರಲಿ ಎಂದು. ಕೈಯಲ್ಲಿ ಜೇನು ಕಲಸಿದ ಹಿಟ್ಟಿನ ಉಂಡೆ ಹಿಡಿದು ಕಿರಿದಾದ ಬಿಲಕ್ಕೆ ಕಾಲು ಚಾಚಿ ಮಲಗಿದರೆ, ಸುಳಿ ಎಳೆದ ಹಾಗೆ ಮೈ ಒಳಗೆ ಹೋಗುತ್ತದಂತೆ. ಹೊರಗೆ ಬರುವುದೂ ಕಾಲು ಮುಂದಾಗಿಯೇ. ಬಂದವನನ್ನು ನೆನಪಿನ ಪೀಠದ ಮೇಲೆ ಕೂರಿಸಿ ಏನು ಕಂಡೆ ಎಂದು ಕೇಳುತ್ತಾರೆ. ದಿಗಿಲಿಗೆ ತಾನು ಯಾರೆಂದೂ, ಸುತ್ತ ಇರುವವರು ಯಾರೆಂದೂ ತಿಳಿಯದ ಸ್ಥಿತಿ. ಸ್ವಲ್ಪ ಹೊತ್ತಿಗೆ ಬುದ್ಧಿ ಮರಳುತ್ತದೆ, ನಗುವೂ ಮರಳುತ್ತದೆ ಎಂದು ಪೌಸೇನಿಯಸ್ ಸೇರಿಸುತ್ತಾನೆ. ಆ ಕೊನೆಯ ಮಾತಿಗಾಗಿಯೇ ಅವನ ಮೇಲೆ ನನಗೆ ನಂಬಿಕೆ.

ಇಲ್ಲಿ ಮರೆವು ಶಿಕ್ಷೆಯಲ್ಲ, ಸಿದ್ಧತೆ. ಹೊಸದು ಬರೆಯುವ ಮುಂಚೆ ಸ್ಲೇಟು ಒರೆಸುವ ಕೆಲಸ. ಲೇಥೇ ಎಂದರೆ ನಮ್ಮ ವೈತರಣಿ ಎಂದು ಹೋಲಿಸುವವರನ್ನು ಕಂಡಿದ್ದೇನೆ, ಅದು ಹೊಂದುವುದಿಲ್ಲ. ವೈತರಣಿ ದಾಟುವ ಹೊಳೆ. ಅದಕ್ಕೆ ಗೋದಾನ ಬೇಕು, ಬಾಲ ಹಿಡಿಯಲು ಹಸು ಬೇಕು. ಗ್ರೀಕರಲ್ಲಿ ಅದಕ್ಕೆ ಸರಿಸಾಟಿ ಖಾರೋನನ ದೋಣಿ, ಸತ್ತವರ ಬಾಯಲ್ಲಿಡುವ ಕಾಸು. ಲೇಥೇ ದಾಟುವ ಹೊಳೆಯಲ್ಲ, ಕುಡಿಯುವ ಹೊಳೆ.

ಈ ವ್ಯತ್ಯಾಸ ತಿಳಿಯದೆ ಒಂದು ಸೈನ್ಯವೇ ನಿಂತುಬಿಟ್ಟ ಕಥೆಯಿದೆ. ಪುರಾಣದ ಹೆಸರು ನಿಜವಾದ ನೀರಿಗೆ ಅಂಟಿಕೊಂಡ ಕಡೆಗಳನ್ನು ಭೂಗೋಳಕಾರ ಸ್ಟ್ರಾಬೋ ಎಣಿಸುತ್ತಾನೆ: ಮಗ್ನೀಸಿಯಾದ ಹತ್ತಿರ ಒಂದು ಲೇಥಾಯೋಸ್, ಕ್ರೀಟಿನ ಗೋರ್ಟಿನ್‌ನಲ್ಲಿ ಒಂದು, ಥೆಸಲಿಯ ಟ್ರಿಕ್ಕಾದಲ್ಲಿ ಒಂದು, ಲಿಬಿಯಾದ ಕಡೆ ಒಂದು. ಟ್ರಿಕ್ಕಾದ್ದು ಇವತ್ತಿಗೂ ತ್ರಿಕಲಾ ಪೇಟೆಯ ನಡುವೆ ಲಿಥಾಯೋಸ್ ಎಂಬ ಹೆಸರಲ್ಲೇ ಹರಿಯುತ್ತಿದೆ. ವೈದ್ಯದೇವತೆ ಅಸ್ಕ್ಲೇಪಿಯಸ್ ಹುಟ್ಟಿದ ಊರೆಂದು ಹೇಳುವುದು ಅದನ್ನೇ. ಆದರೆ ಎಲ್ಲಕ್ಕಿಂತ ಹೆಸರಾದದ್ದು ಗ್ರೀಸಿನಿಂದ ಬಹುದೂರದ ಒಂದು ಹೊಳೆ. ಸ್ಪೇನಿನ ಗಲೀಸಿಯಾದಲ್ಲಿ ಲಿಮಿಯಾ ಎಂದು ಹುಟ್ಟಿ, ಪೋರ್ಚುಗಲ್ಲಿನಲ್ಲಿ ಲಿಮಾ ಆಗಿ, ವಿಯಾನಾ ದು ಕಾಸ್ತೆಲು ಬಳಿ ಅಟ್ಲಾಂಟಿಕ್ ಸೇರುವ ಹೊಳೆ ಅದು. ಹಿಂದೆ ದಂಡೆತ್ತಿ ಬಂದ ಬುಡಕಟ್ಟುಗಳು ಇಲ್ಲಿ ತಮ್ಮತಮ್ಮಲ್ಲೇ ಜಗಳವಾಡಿ, ನಾಯಕನನ್ನೂ ಕಳೆದುಕೊಂಡು, ಚದುರಿ ಇಲ್ಲೇ ಉಳಿದುಬಿಟ್ಟವು, ಅದಕ್ಕೇ ಮರೆವಿನ ಹೊಳೆ ಎಂಬ ಹೆಸರು ಎನ್ನುತ್ತಾನೆ ಸ್ಟ್ರಾಬೋ. ಊರಿಗೆ ವಾಪಸು ಹೋಗುವುದನ್ನು ಮರೆತವರು!

ಕ್ರಿ.ಪೂ. 138ರ ನಂತರದ ದಂಡಯಾತ್ರೆಯಲ್ಲಿ ರೋಮಿನ ಸೇನಾಪತಿ ಡೆಸಿಮಸ್ ಜೂನಿಯಸ್ ಬ್ರೂಟಸ್ ಈ ದಂಡೆಗೆ ಬಂದ. ಸೀಸರನನ್ನು ಇರಿದವನಲ್ಲ, ಅದಕ್ಕೂ ಸುಮಾರು ನೂರು ವರ್ಷದ ಹಿಂದಿನವನು. ಹೆಸರು ಕೇಳಿಯೇ ಸೈನಿಕರು ದಾಟಲು ಒಪ್ಪಲಿಲ್ಲ. ದಾಟಿದರೆ ಮನೆ, ಮಠ, ಹೆಂಡತಿ, ಮಕ್ಕಳು ಎಲ್ಲ ಮರೆತುಹೋದರೆ? ರೋಮಿನ ಇತಿಹಾಸಕಾರ ಲಿವಿಯ ಗ್ರಂಥದಿಂದ ನಮಗೆ ಉಳಿದಿರುವ ಸಾರಾಂಶ ಹೇಳುವುದಿಷ್ಟೇ: ಬ್ರೂಟಸ್ ಧ್ವಜ ಹಿಡಿದವನ ಕೈಯಿಂದ ಧ್ವಜ ಕಿತ್ತುಕೊಂಡು ತಾನೇ ದಾಟಿದ, ಹಾಗೆ ಉಳಿದವರನ್ನು ಒಪ್ಪಿಸಿದ. ಜನರ ಬಾಯಲ್ಲಿ ಕಥೆ ಬೆಳೆಯಿತು. ಆಚೆ ದಡದಲ್ಲಿ ನಿಂತು ಅವನು ಒಬ್ಬೊಬ್ಬ ಸೈನಿಕನನ್ನೂ ಹೆಸರು ಹಿಡಿದು ಕರೆದನಂತೆ, ನೋಡಿ, ನನಗೆ ಏನೂ ಮರೆತಿಲ್ಲ ಎಂದು. ಪೋಂತೆ ದೆ ಲಿಮಾದಲ್ಲಿ ಈಗ ಹೊಳೆಯ ದಂಡೆಯ ಮೇಲೆ ಕುದುರೆ ಏರಿದ ಬ್ರೂಟಸನ ಪ್ರತಿಮೆ, ಎದುರಿಗೆ ಸಾಲಾಗಿ ನಿಂತ ಸೈನಿಕರ ಪ್ರತಿಮೆಗಳಿವೆ. ಗಲೀಸಿಯಾ ಕಡೆಯ ಶಿನ್ಸೋ ಎಂಬ ಊರಿನಲ್ಲಿ ಬೇಸಗೆಯಲ್ಲಿ 'ಮರೆವಿನ ಹಬ್ಬ' ಮಾಡಿ ರೋಮನ್ ವೇಷ ಹಾಕಿಕೊಂಡು ಇದೇ ಘಟನೆಯನ್ನು ಆಡಿ ತೋರಿಸುತ್ತಾರೆ. ಹೆಸರು ಕರೆಯುವ ಭಾಗ ಹಳೆಯ ಬರಹದಲ್ಲಿ ಇಲ್ಲದಿದ್ದರೂ ನನಗೆ ಧ್ವಜಕ್ಕಿಂತ ಅದೇ ಹಿಡಿಸುತ್ತದೆ. ಮರೆಯಲ್ಲಿ ನಿಂತವರನ್ನು ಹೊರಗೆ ತರಲು ಹೆಸರು ಹಿಡಿದು ಕರೆಯುವುದಕ್ಕಿಂತ ಬೇರೆ ಉಪಾಯ ನಮಗೂ ಗೊತ್ತಿಲ್ಲವಲ್ಲ.

ಈ ಹೆಸರು ಅತ್ಯಂತ ನಾಚಿಕೆಗೇಡಿನ ರೀತಿಯಲ್ಲಿ ಬಳಕೆಯಾದದ್ದು ಬಾಸ್ಟನ್ನಿನಲ್ಲಿ. 1846ರ ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಒಂದು ಆವಿ ಉಸಿರಾಡಿಸಿದ. ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್ ಆ ರೋಗಿಯ ಕುತ್ತಿಗೆಯ ಗಡ್ಡೆಗೆ ಕತ್ತಿ ಹಾಕಿದರೂ ರೋಗಿ ಕಿರುಚಲಿಲ್ಲ. ಅಲ್ಲಿಯವರೆಗೆ ಶಸ್ತ್ರಚಿಕಿತ್ಸೆ ಎಂದರೆ ನಾಲ್ಕು ಜನ ಹಿಡಿದುಕೊಂಡು ಕೊಯ್ಯುವುದು. ಇಷ್ಟು ದೊಡ್ಡ ಕೆಲಸ ಮಾಡಿದವನು ಅದು ಏನೆಂದು ಹೇಳಲಿಲ್ಲ. ಲೇಥೇಯಿಂದ ಲೇಥಿಯಾನ್ ಎಂಬ ಹೆಸರು ಕೊಟ್ಟು, ಬಣ್ಣ, ಸುಗಂಧದೆಣ್ಣೆ ಬೆರೆಸಿ ಗುರುತು ಸಿಗದ ಹಾಗೆ ಮಾಡಿದ. ನವೆಂಬರ್ 12ರಂದು ಪೇಟೆಂಟೂ ಪಡೆದ. ಒಳಗಿದ್ದದ್ದು ಅಂಗಡಿಯಲ್ಲಿ ಸಿಗುವ ಈಥರ್. ನೋವನ್ನು ಮರೆಸುವ ಪದಾರ್ಥಕ್ಕೆ ಮರೆವಿನ ಹೆಸರು ಇಟ್ಟದ್ದು ಸರಿಯೇ. ಪದಾರ್ಥವನ್ನೇ ಆ ಹೆಸರಿನ ಮರೆಯಲ್ಲಿ ಬಚ್ಚಿಟ್ಟನಲ್ಲ, ಗ್ರೀಕ್ ಬೇರಿನ ಎರಡೂ ಅರ್ಥ ಒಬ್ಬನೇ ಬಳಸಿಕೊಂಡ. ಈಥರಿನ ವಾಸನೆ ಎಷ್ಟು ದಿನ ಮುಚ್ಚಿಟ್ಟರೆ ಅಡಗೀತು? ಆಸ್ಪತ್ರೆಯವರು ಪಟ್ಟು ಹಿಡಿದ ಮೇಲೆ ಒಪ್ಪಿಕೊಂಡ. ಅದೇ ನವೆಂಬರಿನಲ್ಲಿ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಅವನಿಗೆ ಪತ್ರ ಬರೆದು, ಇವತ್ತು ನಾವು ಅರಿವಳಿಕೆಗೆ ಅನ್ನುವ 'ಅನಸ್ಥೀಸಿಯಾ' ಎಂಬ ಪದ ಸೂಚಿಸಿದ. ಲೇಥಿಯಾನ್ ಎಂಬ ಹೆಸರನ್ನು ಜಗತ್ತು ಮರೆತಿದೆ.

ಚಿಕ್ಕಪುಟ್ಟ ಬಳಕೆಗಳು ಇನ್ನೂ ಇವೆ. ಮೈಗಳ್ಳತನಕ್ಕೆ ಇಂಗ್ಲಿಷಿನಲ್ಲಿ ಹೇಳುವ ಲೆಥಾರ್ಜಿ ಈ ಮನೆಯದೇ. ಲೀಥಲ್ ಎಂಬುದು ಲ್ಯಾಟಿನ್ನಿನ ಸಾವಿನ ಪದದಿಂದ ಬಂದದ್ದು, ಲೇಥೇಯ ನೆಂಟನಲ್ಲ. ಆದರೂ ನಡುವೆ ಒಂದು ಹಕಾರ ಸಿಕ್ಕಿಸಿಕೊಂಡು ನೆಂಟನ ಹಾಗೆ ಓಡಾಡುತ್ತದೆ. ಮಂಗಳ ಗ್ರಹದಲ್ಲಿ ಒಂದು ಒಣ ಕಣಿವೆಗೆ ಲೇಥೇ ವಾಲಿಸ್ ಎಂದು ಹೆಸರಿದೆ.

ಬಿದಿರು ಮೆಳೆಯಿಂದ ವಾಪಸು ಬರುವಾಗ ಅಕ್ಕನ ಮಗಳು ಕೇಳಿದ್ದು ಬೇರೆ. "ಇದಕ್ಕೆ ಕನ್ನಡದಲ್ಲಿ ಏನಂತ ಬರೆಯಲಿ ಮಾವ? ನಮ್ಮ ಪಟ್ಟಿಯಲ್ಲಿ ಆ ಕಾಲಮ್ಮು ಖಾಲಿ ಇದೆ." ಅಕ್ಕನನ್ನು ಕೇಳಿದರೆ, "ಅದಕ್ಕೆಂಥ ಹೆಸರು, ಪಾತರಗಿತ್ತಿ" ಎಂದು ಒಳಗೆ ಹೋದಳು. ವಿಸ್ಮೃತಿ ಅನ್ನಬಹುದಿತ್ತು, ಆದರೆ ಆ ಪದ ಹಲಸಿನ ಹಣ್ಣಿನ ಮೇಲೆ ಕೂರುವುದಿಲ್ಲ. 'ಬಿದಿರುಮರೆ' ಎಂದು ಬರೆ ಎಂದೆ. ಅವಳು ಎರಡು ಸಲ ಹೇಳಿ ನೋಡಿ, ಪೆನ್ಸಿಲಿನಲ್ಲಿ ಬರೆದುಕೊಂಡಳು. ಪೆನ್ನಿನಲ್ಲಿ ಬರೆಯುವಷ್ಟು ನಂಬಿಕೆ ಬಂದಿರಲಿಲ್ಲ.

ಮೊನ್ನೆ ಅವಳಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ದೊಡ್ಡದು ಮಾಡಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಒಣಗಿದ ಬಿದಿರೆಲೆಗಳು, ಅಷ್ಟೆ. "ಹುಳ ಎಲ್ಲಮ್ಮ?" ಎಂದು ಬರೆದೆ.

"ಎಡಗಡೆ ನೋಡಿ ಮಾವ."

"ನನ್ನ ಎಡವೋ, ಅದರ ಎಡವೋ?"

ಎರಡು ನೀಲಿ ಗೀಟು ಬಂದಿವೆ. ಉತ್ತರ ಇನ್ನೂ ಬಂದಿಲ್ಲ.